ಲೆಕ್ಕವೂ ವಿವೇಕವೂ

ಗಣಿತದ ಉತ್ತರ ಸರಿಯಾಗಿದ್ದರೆ ಪೂರ್ಣಾಂಕ, ತಪ್ಪಾಗಿದ್ದರೆ ಸೊನ್ನೆ ಎಂಬುದು ಸಾಮಾನ್ಯ ತಿಳಿವಳಿಕೆ. ಪ್ರಬಂಧವನ್ನು ತಿದ್ದುವಾಗ ಅಭಿರುಚಿಗೂ ಅಭಿಪ್ರಾಯಕ್ಕೂ ಎಡೆಯುಂಟು, ಗಣಿತದಲ್ಲಿ ಅಂತಹ ತೊಡಕಿಲ್ಲ ಎಂದು ಅನೇಕರು ನಂಬುತ್ತಾರೆ. ಬರಿಯ ಅಂಕಿಗಳನ್ನು ಕೂಡುವ, ಕಳೆಯುವ ಲೆಕ್ಕಗಳ ಮಟ್ಟಿಗೆ ಈ ನಂಬಿಕೆ ನಿಜ. ಆದರೆ ಸಂತೆ, ಹೊಲ, ಪ್ರಯಾಣ, ವೃತ್ತಪತ್ರಿಕೆ ಮೊದಲಾದ ನಿತ್ಯಜೀವನದ ಸಂದರ್ಭಗಳಿಂದ ಲೆಕ್ಕ ಹುಟ್ಟಿದಾಗ ಸಂಗತಿ ಅಷ್ಟು ಸರಳವಾಗಿರುವುದಿಲ್ಲ. ಅಲ್ಲಿ ವಿದ್ಯಾರ್ಥಿಯ ಕೈ ಮಾಡಿದ ಲೆಕ್ಕವನ್ನಷ್ಟೇ ಅಲ್ಲ, ಅವನ ಬುದ್ಧಿ ಮಾಡಿದ ವಿಚಾರವನ್ನೂ ಅಳೆಯಬೇಕಾಗುತ್ತದೆ. ಅದನ್ನು ಅಳೆಯುವ ಬಗೆ ಯಾವುದು?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿದ್ಯಾರ್ಥಿಗಳ ಕಲಿಕೆಯನ್ನು ರಾಷ್ಟ್ರಮಟ್ಟದಲ್ಲಿ ಪರೀಕ್ಷಿಸುವ ವ್ಯವಸ್ಥೆಯೊಂದಿದೆ. 1983ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ, 13 ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟ ಒಂದು ಪ್ರಶ್ನೆ ಪ್ರಸಿದ್ಧವಾಯಿತು. ಸೈನ್ಯದ ಒಂದು ಬಸ್ಸಿನಲ್ಲಿ 36 ಸೈನಿಕರು ಕುಳಿತುಕೊಳ್ಳಬಹುದು. 1128 ಸೈನಿಕರನ್ನು ತರಬೇತಿಯ ಸ್ಥಳಕ್ಕೆ ಸಾಗಿಸಲು ಎಷ್ಟು ಬಸ್ಸುಗಳು ಬೇಕು? 1128ನ್ನು 36ರಿಂದ ಭಾಗಿಸಿದರೆ ಭಾಗಲಬ್ಧ 31, ಶೇಷ 12. ನೂರಕ್ಕೆ ಸುಮಾರು 70 ಮಂದಿ ಈ ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. ಆದರೆ ಉಳಿದ 12 ಸೈನಿಕರಿಗೂ ಒಂದು ಬಸ್ಸು ಬೇಕೆಂದು ತಿಳಿದು 32 ಎಂದು ಬರೆದವರು ನೂರಕ್ಕೆ 23 ಮಂದಿ ಮಾತ್ರ. ನೂರಕ್ಕೆ 29 ಮಂದಿ ‘31, ಶೇಷ 12’ ಎಂದು ಬರೆದರು. 18 ಮಂದಿ 31 ಎಂದಷ್ಟೇ ಬರೆದು, ಹನ್ನೆರಡು ಸೈನಿಕರನ್ನು ದಾರಿಯಲ್ಲಿಯೇ ಬಿಟ್ಟರು!

ಇಂತಹ ಉತ್ತರಕ್ಕೆ ಎಷ್ಟು ಅಂಕ ಕೊಡುವುದು ನ್ಯಾಯ? ಕೊನೆಯ ಉತ್ತರವನ್ನು ಮಾತ್ರ ನೋಡಿದರೆ ‘31, ಶೇಷ 12’ ಎಂದವನಿಗೂ, ಭಾಗಾಕಾರವನ್ನೇ ಅರಿಯದವನಿಗೂ ಸೊನ್ನೆಯೇ ಗತಿ. ಕ್ರಮವನ್ನು ಮಾತ್ರ ನೋಡಿದರೆ ಅರ್ಥವಿಲ್ಲದ ಉತ್ತರಕ್ಕೂ ಪೂರ್ಣಾಂಕ ಕೊಡಬೇಕಾಗುತ್ತದೆ. ಎರಡೂ ಸರಿಯಲ್ಲ. ಯಾವ ಕ್ರಿಯೆ ಬೇಕೆಂದು ಗುರುತಿಸುವುದು, ಆ ಕ್ರಿಯೆಯನ್ನು ತಪ್ಪಿಲ್ಲದೆ ನಡೆಸುವುದು, ಬಂದ ಸಂಖ್ಯೆಯನ್ನು ಮತ್ತೆ ಸಂದರ್ಭಕ್ಕೆ ಹೊಂದಿಸಿ ನೋಡುವುದು, ಇವು ಮೂರು ಬೇರೆ ಬೇರೆ ಸಾಮರ್ಥ್ಯಗಳು. ಇವನ್ನು ಬೇರೆ ಬೇರೆಯಾಗಿ ಗಮನಿಸಿ ಅಂಕ ಹಂಚಿದಾಗಲೇ ವಿದ್ಯಾರ್ಥಿಯು ಎಲ್ಲಿ ಎಡವಿದನೆಂಬುದು ಅವನಿಗೂ ಅಧ್ಯಾಪಕರಿಗೂ ತಿಳಿಯುತ್ತದೆ.

ಎಡ್ವರ್ಡ್ ಸಿಲ್ವರ್ ಮತ್ತು ಅವರ ಸಂಗಡಿಗರು ಇಂತಹುದೇ ಲೆಕ್ಕವನ್ನು ಕೊಟ್ಟು, ಉತ್ತರದೊಡನೆ ವಿವರಣೆಯನ್ನೂ ಬರೆಯಿಸಿದರು. 1993ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ಸ್ವಾರಸ್ಯ ಕಂಡುಬಂದಿತು. ಮಿಕ್ಕವರಿಗೆ ಸಣ್ಣ ವಾಹನವೊಂದು ಸಾಕು, ಅಥವಾ ಅವರನ್ನು ಇದ್ದ ಬಸ್ಸುಗಳಲ್ಲಿಯೇ ಒತ್ತರಿಸಿ ಕೂರಿಸಬಹುದು ಎಂದು ಕೆಲವರು ಬರೆದಿದ್ದರು. ಸಿದ್ಧ ಉತ್ತರದ ಪಟ್ಟಿಗೆ ಇವು ತಪ್ಪು; ಆದರೆ ವ್ಯವಹಾರ ಬಲ್ಲವರು ಇವನ್ನು ಅವಿವೇಕವೆನ್ನಲಾರರು. ಕಾರಣವನ್ನು ಕೇಳದೆ ಸಂಖ್ಯೆಯನ್ನು ಮಾತ್ರ ತಿದ್ದುವವರಿಗೆ ಈ ವಿವೇಕ ಕಾಣುವುದೇ ಇಲ್ಲ.

ಬರಿಯ ಸಂಖ್ಯೆಗೆ ಅಂಕ ಕೊಡುವ ಪದ್ಧತಿಯಿಂದ ಇನ್ನೂ ದೊಡ್ಡ ಹಾನಿಯುಂಟು. ಫ್ರಾನ್ಸಿನ ಗ್ರೆನೋಬ್ಲ್ ನಗರದ ಗಣಿತಶಿಕ್ಷಣ ಸಂಶೋಧಕರು ಚಿಕ್ಕ ತರಗತಿಗಳ ಮಕ್ಕಳನ್ನು ಹೀಗೆ ಕೇಳಿದರು: ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ, ಹಡಗಿನ ನಾಯಕನ ವಯಸ್ಸೆಷ್ಟು? 1980ರಲ್ಲಿ ಬೆಳಕಿಗೆ ಬಂದ ಈ ಪರೀಕ್ಷೆಯಲ್ಲಿ 97 ಮಕ್ಕಳ ಪೈಕಿ 76 ಮಂದಿ ಕೊಟ್ಟ ಅಂಕಿಗಳನ್ನೇ ಬಳಸಿ ವಯಸ್ಸನ್ನು ಹೇಳಿಬಿಟ್ಟರು. ಮಕ್ಕಳು ದಡ್ಡರೆಂದು ಇದರಿಂದ ತೀರ್ಮಾನಿಸಲಾಗದು. ಪ್ರಶ್ನೆಯಿದ್ದ ಮೇಲೆ ಉತ್ತರವಿರಲೇಬೇಕು, ಅಂಕಿಗಳನ್ನು ಹೇಗಾದರೂ ಬೆರೆಸಿದರೆ ಅದು ಸಿಕ್ಕುತ್ತದೆ ಎಂಬ ಪಾಠವನ್ನು ಅವರು ಅರಿವಿಲ್ಲದೆಯೇ ಕಲಿತಿದ್ದರು. ‘ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ’ ಎನ್ನುವ ಧೈರ್ಯಕ್ಕೆ ಅಂಕ ಸಿಕ್ಕುವುದೆಂಬ ಭರವಸೆ ಅವರಿಗಿರಲಿಲ್ಲ.

ವಿಚಾರಕ್ಕೆ ಅಂಕ ಕೊಡಲು ಸಾಧ್ಯವೆಂಬುದಕ್ಕೆ ನಿದರ್ಶನಗಳಿಲ್ಲದಿಲ್ಲ. 2000ದಿಂದ ಹಲವು ದೇಶಗಳ 15 ವರ್ಷದ ವಿದ್ಯಾರ್ಥಿಗಳಿಗೆ ‘ಪಿಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ನಡೆಯುತ್ತಿದೆ. ಅದರ ಒಂದು ಪ್ರಶ್ನೆಯಲ್ಲಿ 1998 ಮತ್ತು 1999ರ ಕಳ್ಳತನಗಳ ಸಂಖ್ಯೆಯನ್ನು ಎರಡು ಕಂಬಗಳ ನಕ್ಷೆಯಲ್ಲಿ ತೋರಿಸಲಾಗಿತ್ತು. ಅದನ್ನು ಕಂಡ ವರದಿಗಾರನೊಬ್ಬ, ಕಳ್ಳತನಗಳು ವಿಪರೀತ ಹೆಚ್ಚಿವೆ ಎಂದು ಹೇಳುತ್ತಾನೆ. ಅವನ ಮಾತು ಯುಕ್ತವೇ? ಕಣ್ಣಿಗೆ ಎರಡನೆಯ ಕಂಬ ಬಹಳ ಎತ್ತರವಾಗಿ ಕಾಣುತ್ತದೆ. ಆದರೆ ನಕ್ಷೆಯ ಅಳತೆ ಸೊನ್ನೆಯಿಂದ ಮೊದಲಾಗದೆ 500ನ್ನು ದಾಟಿದ ಮೇಲೆ ಮೊದಲಾಗಿದೆ. ನಿಜವಾದ ಏರಿಕೆ ಹತ್ತರ ಆಸುಪಾಸು, ಎಂದರೆ ನೂರಕ್ಕೆ ಸುಮಾರು ಎರಡು ಮಾತ್ರ. ನಕ್ಷೆಯ ಒಂದು ತುಣುಕನ್ನಷ್ಟೇ ತೋರಿಸಲಾಗಿದೆ ಎಂದು ಗುರುತಿಸಿದವನಿಗೂ, ಏರಿಕೆಯನ್ನು ಒಟ್ಟು ಸಂಖ್ಯೆಯೊಡನೆ ಹೋಲಿಸಿದವನಿಗೂ, ಹಿಂದಿನ ವರ್ಷಗಳ ಅಂಕಿಗಳಿಲ್ಲದೆ ತೀರ್ಮಾನ ಸಲ್ಲದೆಂದವನಿಗೂ ಪೂರ್ಣಾಂಕ ಸಲ್ಲುತ್ತಿತ್ತು. ‘ಯುಕ್ತವಲ್ಲ’ ಎಂದು ಹೇಳಿ ಕಾರಣವನ್ನು ಅರೆಬರೆಯಾಗಿ ಕೊಟ್ಟವನಿಗೆ ಅರ್ಧ ಅಂಕ. ಕಾರಣವನ್ನೇ ಕೊಡದವನಿಗೆ ಏನೂ ಇಲ್ಲ. ದಾರಿಗಳು ಹಲವಾದರೂ ಒರೆಗಲ್ಲು ಒಂದೇ: ಹೇಳಿದ ಕಾರಣ ಅಂಕಿಗಳ ಆಧಾರದ ಮೇಲೆ ನಿಲ್ಲುತ್ತದೆಯೇ?

ಈ ದೃಷ್ಟಿ ಭಾರತೀಯ ಪರಂಪರೆಗೆ ಹೊಸದೇನಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗಣಿತಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರು. ಅದೇ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಕಪಿಗಳ ಹಿಂಡಿನ ಲೆಕ್ಕವೊಂದಿದೆ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು. ಹೊರಗೆ ಕಂಡದ್ದು ಒಂದೇ ಕಪಿ. ಹಿಂಡು ಎಷ್ಟು? ಸಮೀಕರಣವನ್ನು ಬಿಡಿಸಿದರೆ 50 ಮತ್ತು 5 ಎಂಬ ಎರಡು ಉತ್ತರಗಳು ಬರುತ್ತವೆ. ಐದರ ಐದನೆಯ ಒಂದು ಭಾಗ ಒಂದೇ ಕಪಿ. ಅದರಲ್ಲಿ ಮೂರನ್ನು ಕಳೆಯುವುದೆಂತು? ಆದುದರಿಂದ ಲೆಕ್ಕಕ್ಕೆ ಒಪ್ಪಿದರೂ ಲೋಕಕ್ಕೆ ಒಪ್ಪದ 5 ಎಂಬ ಉತ್ತರವನ್ನು ಭಾಸ್ಕರಾಚಾರ್ಯನು ಕೈಬಿಟ್ಟನು.

ಅಂಕವೆಂಬುದು ಕೇವಲ ಬಹುಮಾನವಲ್ಲ. ಯಾವುದು ಬೆಲೆಯುಳ್ಳದ್ದೆಂದು ವಿದ್ಯಾರ್ಥಿಗೆ ತೋರುವ ಕೈಮರವೂ ಹೌದು. ಉತ್ತರಕ್ಕೆ ಮಾತ್ರ ಬೆಲೆಯಿದ್ದಲ್ಲಿ ಉತ್ತರವನ್ನು ಊಹಿಸುವ ಚಾತುರ್ಯ ಬೆಳೆಯುತ್ತದೆ. ಕಾರಣಕ್ಕೆ ಬೆಲೆಯಿದ್ದಲ್ಲಿ ಕಾರಣವನ್ನು ಹುಡುಕುವ ಬುದ್ಧಿ ಬೆಳೆಯುತ್ತದೆ. ಶಾಲೆಯನ್ನು ಬಿಟ್ಟ ಮೇಲೆ ಸಾಲದ ಬಡ್ಡಿ, ಔಷಧದ ಪ್ರಮಾಣ, ಪತ್ರಿಕೆಯ ನಕ್ಷೆಗಳು ಎದುರಾದಾಗ ಉತ್ತರದ ಪಟ್ಟಿ ಯಾರ ಕೈಯಲ್ಲಿಯೂ ಇರುವುದಿಲ್ಲ. ಆಗ ಕೈಹಿಡಿಯುವುದು, ಬಂದ ಸಂಖ್ಯೆಯನ್ನು ನಿಲ್ಲಿಸಿ ‘ಇದು ನಿಜವಾಗಿರಬಲ್ಲುದೇ?’ ಎಂದು ಕೇಳುವ ಅಭ್ಯಾಸವೊಂದೇ.