ಹಳೆಯ ಮೋಟಾರಿನ ಎಂಜಿನ್ನಿಗೆ ಮರುಜೀವ

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳತ್ತ ಹೋಗುವ ರಸ್ತೆಗಳಲ್ಲಿ ಅಂಬಾಸಿಡರ್ ಮೋಟಾರು ಒಂದು ಕಾಲಕ್ಕೆ ಎಲ್ಲರಿಗೂ ಪರಿಚಿತವಾದ ವಾಹನವಾಗಿದ್ದಿತು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1958ರಲ್ಲಿ ಪ್ರಾರಂಭಿಸಿದ ಇದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಉಳಿದಿರುವ ಗಾಡಿಗಳನ್ನು ಮತ್ತೆ ಓಡುವಂತೆ ಮಾಡಬಯಸುವವರಿಗೆ ಎದುರಾಗುವ ಪ್ರಶ್ನೆಯೊಂದುಂಟು: ಸವೆದ ಎಂಜಿನ್ನನ್ನು ದುರಸ್ತು ಮಾಡಬೇಕೆ, ಅಥವಾ ಅದನ್ನು ತೆಗೆದು ಬೇರೊಂದನ್ನು ಕೂರಿಸಬೇಕೆ? ಇದಕ್ಕೆ ಉತ್ತರ ಹೇಳುವ ಮೊದಲು ಸವೆತವೆಂದರೇನೆಂಬುದನ್ನು ನಾವು ತಿಳಿಯಬೇಕು.

ಈ ಗಾಡಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪೆಟ್ರೋಲ್ ಎಂಜಿನ್ನಿನ ಗಾತ್ರ 1,489 ಘನ ಸೆಂಟಿಮೀಟರು. ಅದರ ನಾಲ್ಕು ಸಿಲಿಂಡರುಗಳ ಒಳವ್ಯಾಸ ಸುಮಾರು 73 ಮಿಲಿಮೀಟರು. ಪಿಸ್ಟನ್ ಎಂಬ ಆಡುಬೆಣೆ ಒಮ್ಮೆ ಚಲಿಸುವ ದೂರ ಸುಮಾರು 89 ಮಿಲಿಮೀಟರು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಒಂದು ಗಂಟೆಯ ಪಯಣವೆಂದೂ, ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವುದೆಂದೂ ಭಾವಿಸೋಣ. ಆಗ ಒಂದೊಂದು ಪಿಸ್ಟನ್ನೂ 1,20,000 ಸಲ ಮೇಲೇರಿ ಕೆಳಗಿಳಿಯುತ್ತದೆ. ಅಂದರೆ ತನ್ನ ಸಿಲಿಂಡರಿನೊಳಗೇ 21 ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಸವೆಸುತ್ತದೆ!

ಆದರೆ ಸಿಲಿಂಡರು ಎಲ್ಲೆಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ತುತ್ತತುದಿಯನ್ನು ಮುಟ್ಟಿ ಹಿಂದಿರುಗುವಾಗ ಒಂದು ಕ್ಷಣ ನಿಲ್ಲುತ್ತದೆ. ಎಣ್ಣೆಯ ಪದರು ಅಲ್ಲಿಯೇ ತೀರ ತೆಳುವು. ಶಾಖವೂ ಅನಿಲದ ಒತ್ತಡವೂ ಅಲ್ಲಿಯೇ ಹೆಚ್ಚು. ಆದುದರಿಂದ ಮೇಲ್ಭಾಗ ಅಧಿಕವಾಗಿ ಸವೆಯುತ್ತದೆ. ಇದಲ್ಲದೆ ಕನೆಕ್ಟಿಂಗ್ ರಾಡು ಓರೆಯಾಗಿ ನಿಂತು ಪಿಸ್ಟನ್ನನ್ನು ಗೋಡೆಯ ಕಡೆಗೆ ಒತ್ತುವುದರಿಂದ ದುಂಡಾಗಿದ್ದ ರಂಧ್ರವು ಕ್ರಮೇಣ ಅಂಡಾಕಾರ ತಾಳುತ್ತದೆ. ಇಂಥ ರಂಧ್ರದಲ್ಲಿ ಹೊಸ ರಿಂಗುಗಳನ್ನು ಹಾಕಿದರೂ ಅವು ಗೋಡೆಗೆ ಸರಿಯಾಗಿ ಅಂಟಿ ಕೂರಲಾರವು. ಅನಿಲ ಕೆಳಗೆ ನುಸುಳಿ ಶಕ್ತಿ ಕುಂದುತ್ತದೆ. ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆ ಕಾಣುತ್ತದೆ.

ಹೀಗಾಗಿ ದುರಸ್ತಿನ ಮೊದಲ ಕೆಲಸ ಬಿಚ್ಚುವುದು, ಎರಡನೆಯದು ಅಳೆಯುವುದು. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದರೆ ಒಟ್ಟು 24 ಅಳತೆಗಳು ದೊರೆಯುತ್ತವೆ. ಸವೆತ ಮಿತಿ ಮೀರಿದ್ದರೆ ಯಂತ್ರದಿಂದ ಕೊರೆದು ರಂಧ್ರವನ್ನು ತುಸು ದೊಡ್ಡದು ಮಾಡಿ, ಅದಕ್ಕೊಪ್ಪುವ ದೊಡ್ಡ ಪಿಸ್ಟನ್ನನ್ನು ಹಾಕುತ್ತಾರೆ. ಕೊರೆದ ಗೋಡೆ ಕನ್ನಡಿಯಂತೆ ನುಣುಪಾಗಿರಬಾರದು. ಎಣ್ಣೆ ನಿಲ್ಲುವಂತೆ ಅದರ ಮೇಲೆ ಒಂದನ್ನೊಂದು ಹಾಯುವ ಸೂಕ್ಷ್ಮ ಗೆರೆಗಳನ್ನು ಸಾಣೆಕಲ್ಲುಗಳಿಂದ ಮೂಡಿಸುತ್ತಾರೆ. ಕ್ರ್ಯಾಂಕ್ ದಂಡದ್ದು ಇದಕ್ಕೆ ವಿರುದ್ಧವಾದ ಕ್ರಮ: ದಂಡವನ್ನು ಅರೆದು ಸಣ್ಣದಾಗಿಸಿ, ಹೆಚ್ಚು ದಪ್ಪನೆಯ ಬೇರಿಂಗುಗಳನ್ನು ಕೂರಿಸುತ್ತಾರೆ.

ರಂಧ್ರ ಹಿಗ್ಗಿದರೂ ದಂಡ ಕುಗ್ಗಿದರೂ ಹೋದ ಲೋಹ ಹೋಯಿತೇ ಸರಿ. ಸಿಲಿಂಡರಿನ ಗೋಡೆಯ ಆಚೆ ತಂಪುಗೊಳಿಸುವ ನೀರಿದೆ. ಗೋಡೆಯನ್ನು ಕೊರೆಯುತ್ತಲೇ ಹೋಗುವಂತಿಲ್ಲ. ಆದುದರಿಂದ ಅಗತ್ಯಕ್ಕಿಂತ ಹೆಚ್ಚು ಕೊರೆದವನು ಮುಂದಿನ ದುರಸ್ತಿನ ಅವಕಾಶವನ್ನೇ ಕಳೆದಂತಾಗುತ್ತದೆ. ಮಿತಿ ಮುಟ್ಟಿದ ಮೇಲೂ ಲೈನರ್ ಎಂಬ ತೆಳುವಾದ ಕೊಳವೆಯನ್ನು ಒಳಗೆ ಬಿಗಿದು, ಸಿಲಿಂಡರನ್ನು ಮೊದಲಿನ ಅಳತೆಗೆ ತರಬಹುದು.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಕೇಂದ್ರ ಸರ್ಕಾರದ 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ 'ವಿಂಟೇಜ್' ಎಂಬ ಮಾನ್ಯತೆ ಸಲ್ಲುತ್ತದೆ. ಅದರ ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಬೇರೆ ಎಂಜಿನ್ನು ಕೂರಿಸಿದರೆ ಗಾಡಿ ಓಡೀತು. ಆದರೆ ಅದರ ಚರಿತ್ರೆಯ ಬಹುಭಾಗ ಗುಜರಿಯ ಪಾಲಾಗುತ್ತದೆ. ಮೂಲ ಎಂಜಿನ್ನನ್ನು ಅಳೆದು ನೋಡದೆ ಅದನ್ನು ಕೈಬಿಡುವ ತೀರ್ಮಾನಕ್ಕೆ ಬರುವುದು ಸಲ್ಲದು.