ದೇಶಾಂತರದ ಜಿಗಿತಗಾರ

2001ನೆಯ ಇಸವಿಯ ಆಗಸ್ಟ್ ಮಾಸದಲ್ಲಿ ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ನೆರೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನಲ್ಲಿ ಪೋಲ್ ವಾಲ್ಟ್ ಸ್ಪರ್ಧೆಯ ಸ್ವರ್ಣಪದಕವು ಆಸ್ಟ್ರೇಲಿಯಕ್ಕೂ ರಜತಪದಕವು ಇಸ್ರೇಲಿಗೂ ಸಂದುವು. ಆದರೆ 6.05 ಮೀಟರ್ ಎತ್ತರವನ್ನು ದಾಟಿ ಗೆದ್ದ ದಿಮಿತ್ರಿ ಮಾರ್ಕೋವ್ ಹುಟ್ಟಿದುದು ಬೆಲಾರುಸ್ ಸೀಮೆಯ ವಿತೆಬ್ಸ್ಕ್ ಪಟ್ಟಣದಲ್ಲಿ, 5.85 ಮೀಟರ್ ದಾಟಿ ಎರಡನೆಯವನಾದ ಅಲೆಕ್ಸಾಂಡರ್ ಅವೆರ್ಬುಖ್ ಹುಟ್ಟಿದುದು ಸೈಬೀರಿಯದ ಇರ್ಕುಟ್ಸ್ಕ್‌ನಲ್ಲಿ. ಒಂದೇ ಸೋವಿಯತ್ ಒಕ್ಕೂಟದ ಪ್ರಜೆಗಳಾಗಿ ಜನಿಸಿದ ಈ ಇಬ್ಬರೂ ಅಂದು ಬೇರೆ ಬೇರೆ ಧ್ವಜಗಳ ಕೆಳಗೆ ಪದಕ ಧರಿಸಿದರು.

ಈ ಕ್ರೀಡೆಯ ಮೂಲದ್ರವ್ಯವು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಸುತ್ತಿನವರಿಗೆ ಅಪರಿಚಿತವಾದುದಲ್ಲ. ಬಿಳಿಗಿರಿರಂಗನ ಬೆಟ್ಟದ ಮೆಳೆಗಳಲ್ಲಿ ಬೆಳೆಯುವ ಬಿದಿರಿನಂತಹ ಗಳುವನ್ನೇ ಹಿಡಿದು ಅಮೆರಿಕೆಯ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಎತ್ತರವನ್ನು ದಾಟಿದ್ದನು. ಬಿದಿರು ಬಾಗುವುದು ಸ್ವಲ್ಪ. ಅನಂತರ ಬಂದ ಫೈಬರ್ ಗಾಜಿನ ಗಳುವಾದರೋ ಬಿಲ್ಲಿನಂತೆ ಬಾಗಿ, ಓಡಿ ಬಂದವನ ವೇಗವನ್ನೆಲ್ಲ ತನ್ನೊಳಗೆ ಅಡಗಿಸಿಕೊಂಡು, ನೆಟ್ಟಗಾಗುವಾಗ ಆ ಶಕ್ತಿಯನ್ನು ಊರ್ಧ್ವಮುಖವಾಗಿ ಹಿಂದಿರುಗಿಸುತ್ತದೆ. ಆದುದರಿಂದ ಇಲ್ಲಿ ತೋಳಿನ ಬಲಕ್ಕಿಂತ ಓಟದ ವೇಗವೂ, ಗಳುವಿನ ತುದಿಯನ್ನು ನೆಲದ ಗುಣಿಯಲ್ಲಿ ಊರುವ ಕ್ಷಣದ ನಿಶ್ಚಯವೂ ಮುಖ್ಯ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗುರುವಿನ ಕಣ್ಣೆದುರಿನಲ್ಲಿ ವರ್ಷಾನುಗಟ್ಟಲೆ ಬಿದ್ದೆದ್ದು ಕಲಿಯಬೇಕಾದುದು. ಸೆರ್ಗೆಯ್ ಬುಬ್ಕನಂತಹ ಅಸಾಧಾರಣ ಜಿಗಿತಗಾರನನ್ನು ಬೆಳೆಸಿದ ಸೋವಿಯತ್ ಪರಂಪರೆಗೆ ಆ ವಿದ್ಯೆ ಕರಗತವಾಗಿತ್ತು.

1975ರಲ್ಲಿ ಜನಿಸಿದ ಮಾರ್ಕೋವ್‌ಗೆ ಹದಿನಾರು ವರ್ಷವಾಗಿದ್ದಾಗ, 1991ರಲ್ಲಿ, ಆತನ ಜನ್ಮರಾಷ್ಟ್ರವೇ ಭೂಪಟದಿಂದ ಅಳಿಸಿಹೋಯಿತು. ಆತನನ್ನು ದೇಶ ಬಿಟ್ಟವನೆಂದು ಹಳಿಯುವವರು ಈ ಸಂಗತಿಯನ್ನು ಮರೆಯಬಾರದು: ಆತನು ದೇಶವನ್ನು ಬದಲಿಸುವ ಮೊದಲೇ ದೇಶವು ಆತನ ಕಾಲ ಕೆಳಗೆ ಒಮ್ಮೆ ಬದಲಾಗಿತ್ತು. ಬೆಲಾರುಸಿನ ಪರವಾಗಿ ಆತನು 1996ರಲ್ಲಿ ಯುರೋಪಿನ ಒಳಾಂಗಣ ಚಾಂಪಿಯನ್ ಆದನು. ಅದೇ ವರ್ಷ ಅಟ್ಲಾಂಟ ಒಲಿಂಪಿಕ್ಸಿನಲ್ಲಿ 5.86 ಮೀಟರ್ ದಾಟಿಯೂ ಆರನೆಯವನಾದನು. ಮರುವರ್ಷ, ತನಗಿಂತ ಮೊದಲೇ ಆಸ್ಟ್ರೇಲಿಯಕ್ಕೆ ಬಂದು ನೆಲಸಿದ್ದ ಅಲೆಕ್ಸ್ ಪಾರ್ನೊವ್ ಎಂಬ ತರಬೇತುದಾರನನ್ನು ಅರಸಿ ಆ ದೂರದ ಖಂಡಕ್ಕೆ ಹೊರಟನು. 1999ರಲ್ಲಿ ಅಲ್ಲಿನ ಪೌರತ್ವ ದೊರೆಯಿತು. ಅದೇ ವರ್ಷ ಸೆವಿಲ್ಲೆಯ ವಿಶ್ವಸ್ಪರ್ಧೆಯಲ್ಲಿ ರಜತಪದಕವೂ ದೊರೆಯಿತು. ಅಲ್ಲಿಯೇ, ರಷ್ಯದಿಂದ ಬಂದು ಪಾರ್ನೊವ್‌ನ ಬಳಿ ಕಲಿತ ತತ್ಯಾನ ಗ್ರಿಗೋರಿಯೆವಳು ಮಹಿಳೆಯರ ವಿಭಾಗದಲ್ಲಿ ಕಂಚಿನ ಪದಕ ಪಡೆದಳು. ಮರುವರ್ಷ ಸಿಡ್ನಿಯಲ್ಲಿ, ಮಹಿಳೆಯರ ಪೋಲ್ ವಾಲ್ಟ್ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂದಾಗ, 4.55 ಮೀಟರ್ ದಾಟಿ ರಜತಪದಕ ಧರಿಸಿದಳು.

ಮಾರ್ಕೋವ್‌ಗೆ ಸಿಡ್ನಿ ಒಲಿಯಲಿಲ್ಲ. ಅಲ್ಲಿ 5.90 ಮೀಟರನ್ನು ನಾಲ್ವರು ದಾಟಿದರು, ಆತನು 5.80ಕ್ಕೆ ನಿಂತು ಐದನೆಯವನಾದನು. ಆ ನಾಲ್ವರಲ್ಲಿ ಮೇಲು ಕೀಳುಗಳನ್ನು ನಿರ್ಣಯಿಸಿದುದು ಅವರು ದಾಟಿದ ಎತ್ತರವಲ್ಲ, ಮಧ್ಯೆ ತಪ್ಪಿದ ಪ್ರಯತ್ನಗಳ ಲೆಕ್ಕ. ಸಮಾನ ಎತ್ತರ ದಾಟಿದವರಲ್ಲಿ ನಾಲ್ಕನೆಯವನು ಪದಕವಿಲ್ಲದೆ ಹಿಂದಿರುಗಿದನು. 2004ರ ವಿಧಾನಸಭಾ ಚುನಾವಣೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಫಲಿತಾಂಶವನ್ನು ಕಂಡ ಸಂತೆಮರಹಳ್ಳಿ ಕ್ಷೇತ್ರದ ಜನರಿಗೆ ಈ ಕ್ರೌರ್ಯವನ್ನು ವಿವರಿಸಬೇಕಾಗಿಲ್ಲ.

ಎಡ್ಮಂಟನ್ನಿನ 6.05 ಆ ನಿರಾಶೆಗೆ ಉತ್ತರವಾಗಿ ಬಂದಿತು. ವಿಶ್ವ ಚಾಂಪಿಯನ್‌ಷಿಪ್ಪಿನ ದಾಖಲೆಯಾಗಿ ಅದು ಇಪ್ಪತ್ತು ವರ್ಷಗಳಿಗೂ ಮಿಕ್ಕು ಅಚಲವಾಗಿ ನಿಂತಿತು. ಕಡೆಗೆ 2022ರಲ್ಲಿ ಅದನ್ನು ಮುರಿದವನು ಅರ್ಮಾಂಡ್ ಡುಪ್ಲಾಂಟಿಸ್. ಈತನೂ ಅಮೆರಿಕೆಯ ಲೂಸಿಯಾನದಲ್ಲಿ ಹುಟ್ಟಿ, ತಾಯಿಯ ನಾಡಾದ ಸ್ವೀಡನ್ನಿನ ಪರವಾಗಿ ಜಿಗಿಯಲು ಆರಿಸಿಕೊಂಡವನು.

ಹಣ ಚೆಲ್ಲಿ ಪರದೇಶದ ಪ್ರತಿಭೆಯನ್ನು ಕೊಂಡುಕೊಳ್ಳುವ ರಾಷ್ಟ್ರಗಳ ಹಾವಳಿ ಮಿತಿಮೀರಿದಾಗ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯು 2017ರಲ್ಲಿ ಇಂತಹ ವರ್ಗಾವಣೆಗಳನ್ನೇ ತಡೆಹಿಡಿದು, ಮರುವರ್ಷ ಮೂರು ವರ್ಷಗಳ ಕಾಯುವಿಕೆಯ ನಿಯಮವನ್ನು ವಿಧಿಸಿತು. ಅದು ನ್ಯಾಯವೇ. ಆದರೆ ಮಾರ್ಕೋವ್‌ನ ಪ್ರಕರಣವನ್ನು ಆ ವ್ಯಾಪಾರದೊಡನೆ ಸೇರಿಸುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಆತನು ಅರಸಿ ಹೋದುದು ಗುರುವನ್ನು. ಹೋದಲ್ಲಿಯೇ ನೆಲಸಿ, ಅಲ್ಲಿಯವರ ಜೊತೆಯಲ್ಲಿಯೇ ವರ್ಷಗಳ ಕಾಲ ಸ್ಪರ್ಧಿಸಿದನು. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಆತನು ರಜತಪದಕ ಗೆದ್ದಾಗ ಆತನನ್ನು ಹಿಂದಿಕ್ಕಿ ಸ್ವರ್ಣಪದಕ ಪಡೆದವನು ಆಸ್ಟ್ರೇಲಿಯದ ಮಣ್ಣಿನಲ್ಲಿಯೇ ಹುಟ್ಟಿದ ಸ್ಟೀವ್ ಹೂಕರ್. ಆ ಹೂಕರನೂ ಪಾರ್ನೊವ್‌ನ ಶಿಷ್ಯನೇ ಆಗಿ, 2008ರಲ್ಲಿ ಬೀಜಿಂಗ್‌ನಲ್ಲಿ 5.96 ಮೀಟರ್ ದಾಟಿ ಒಲಿಂಪಿಕ್ ಸ್ವರ್ಣಪದಕವನ್ನು ತನ್ನ ನಾಡಿಗೆ ತಂದನು.