ಲಿನಕ್ಸ್‌ನಲ್ಲಿ ತಂತ್ರಾಂಶ ಅನುಸ್ಥಾಪನೆ

ಲಿನಕ್ಸ್‌ನಲ್ಲಿ ತಂತ್ರಾಂಶ ಅನುಸ್ಥಾಪನೆ ಎಂದರೆ ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯುಳ್ಳ ಗಣಕಯಂತ್ರಕ್ಕೆ ಹೊಸ ತಂತ್ರಾಂಶಗಳನ್ನು ಸೇರಿಸುವ, ಪರಿಷ್ಕರಿಸುವ, ಬೇಡವಾದವನ್ನು ತೆಗೆದುಹಾಕುವ ಹಾಗೂ ಬಳಕೆದಾರರ ಅಗತ್ಯಕ್ಕೆ ತಕ್ಕಂತೆ ಅಣಿಗೊಳಿಸುವ ಕ್ರಮ. ಲಿನಕ್ಸ್‌ನಲ್ಲಿ ಬಹುತೇಕ ತಂತ್ರಾಂಶಗಳು ಅವುಗಳ ತಯಾರಕರ ಜಾಲತಾಣಗಳಿಂದ ಬಿಡಿಬಿಡಿಯಾಗಿ ಬರುವುದಿಲ್ಲ. ಪ್ರತಿಯೊಂದು ವಿತರಣೆಯೂ ತನ್ನದೇ ಆದ ತಂತ್ರಾಂಶ ಭಂಡಾರವನ್ನು ನಿರ್ವಹಿಸುತ್ತದೆ. ಪ್ಯಾಕೇಜ್ ಮ್ಯಾನೇಜರ್ ಎಂಬ ತಂತ್ರಾಂಶವು ಅಲ್ಲಿಂದ ಬೇಕಾದುದನ್ನು ತರುತ್ತದೆ. ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟು, ಲಿನಕ್ಸ್ ಮಿಂಟ್ ಮುಂತಾದವುಗಳಲ್ಲಿ ಈ ಕೆಲಸವನ್ನು ಎಪಿಟಿ ಮಾಡುತ್ತದೆ. ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್ ಲಿನಕ್ಸ್‌ನಲ್ಲಿ ಪ್ಯಾಕ್‌ಮನ್ ಬಳಕೆಯಲ್ಲಿವೆ.

ಹಿನ್ನೆಲೆ

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್ ಮಾತ್ರ. ಉಳಿದ ತಂತ್ರಾಂಶಗಳ ಆಕರ ಸಂಕೇತವನ್ನು ಬಳಕೆದಾರರೇ ತಂದು ಕಂಪೈಲ್ ಮಾಡಿಕೊಳ್ಳುವುದು ಆರಂಭದ ದಿನಗಳಲ್ಲಿ ಸಾಮಾನ್ಯವಾಗಿತ್ತು. ಒಂದು ತಂತ್ರಾಂಶಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಬೇಕಾಗುತ್ತಿದ್ದುದರಿಂದ ಇದು ಶ್ರಮದ ಕೆಲಸವಾಗಿತ್ತು. ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಯೋಜನೆಯನ್ನು ಆರಂಭಿಸಿದರು. ಈ ಯೋಜನೆಯಲ್ಲಿ ರೂಪುಗೊಂಡ ಡಿಪಿಕೆಜಿ ಎಂಬ ಸಾಧನವು ಪ್ಯಾಕೇಜುಗಳನ್ನು ಬಿಚ್ಚಿ ಅವುಗಳ ಕಡತಗಳನ್ನು ಸರಿಯಾದ ಸ್ಥಳಗಳಲ್ಲಿ ಇರಿಸುತ್ತದೆ. ಅವಲಂಬಿತ ಪ್ಯಾಕೇಜುಗಳನ್ನು ತಾನೇ ಹುಡುಕಿ ತರುವ ಎಪಿಟಿಯು 1999ರಲ್ಲಿ ಬಿಡುಗಡೆಯಾದ ಡೆಬಿಯನ್ 2.1 ಆವೃತ್ತಿಯೊಂದಿಗೆ ಬಳಕೆದಾರರನ್ನು ತಲುಪಿತು.

ಪ್ಯಾಕೇಜ್ ಮತ್ತು ಅವಲಂಬನೆ

ಡೆಬಿಯನ್ ಪ್ಯಾಕೇಜಿನಲ್ಲಿ ಮೂರು ಭಾಗಗಳಿವೆ: ಪ್ಯಾಕೇಜ್ ಸ್ವರೂಪದ ಆವೃತ್ತಿಯನ್ನು ಸೂಚಿಸುವ ಚಿಕ್ಕ ಕಡತ, ಹೆಸರು ಮತ್ತು ಅವಲಂಬನೆಗಳ ವಿವರವುಳ್ಳ ನಿಯಂತ್ರಣ ಭಾಗ ಹಾಗೂ ಗಣಕಯಂತ್ರದಲ್ಲಿ ನೆಲೆಗೊಳ್ಳಬೇಕಾದ ಕಡತಗಳು. ಒಂದೇ ಲೈಬ್ರರಿಯನ್ನು ಅನೇಕ ತಂತ್ರಾಂಶಗಳು ಹಂಚಿಕೊಳ್ಳುವುದರಿಂದ ಸ್ಥಳ ಉಳಿಯುತ್ತದೆ. ಲೈಬ್ರರಿಯಲ್ಲಿ ದೋಷ ಕಂಡುಬಂದರೆ ಅದೊಂದನ್ನು ಪರಿಷ್ಕರಿಸಿದರೆ ಸಾಕು. ಆದರೆ ಎರಡು ತಂತ್ರಾಂಶಗಳು ಒಂದೇ ಲೈಬ್ರರಿಯ ಬೇರೆಬೇರೆ ಆವೃತ್ತಿಗಳನ್ನು ಬೇಡಿದಾಗ ಅವಲಂಬನೆಯ ತೊಡಕು ಉಂಟಾಗಬಹುದು.

ಅನುಸ್ಥಾಪನೆಯ ಹಂತಗಳು

ತಂತ್ರಾಂಶ ಕೇಂದ್ರದ ಚಿತ್ರಾತ್ಮಕ ಪರದೆಯಿಂದ ಅಥವಾ ಟರ್ಮಿನಲ್‌ನಲ್ಲಿ ಆದೇಶಗಳನ್ನು ಬರೆದು ಅನುಸ್ಥಾಪಿಸಬಹುದು. ವ್ಯವಸ್ಥೆಯನ್ನು ಬದಲಿಸುವ ಆದೇಶಗಳಿಗೆ ನಿರ್ವಾಹಕರ ಅಧಿಕಾರ ಬೇಕಾದ್ದರಿಂದ ಟರ್ಮಿನಲ್‌ನಲ್ಲಿ ಅವುಗಳ ಮುಂದೆ ‘ಸುಡೊ’ ಎಂದು ಸೇರಿಸಿ ಗುಪ್ತಪದವನ್ನು ನೀಡಲಾಗುತ್ತದೆ. ಎಪಿಟಿಯ ಮುಖ್ಯ ಆದೇಶಗಳು ಹೀಗಿವೆ:

1. ಅಪ್‌ಡೇಟ್: ಭಂಡಾರದ ಇತ್ತೀಚಿನ ಪಟ್ಟಿಯನ್ನು ತರುತ್ತದೆ. ಇದರಿಂದ ತಂತ್ರಾಂಶಗಳು ಬದಲಾಗುವುದಿಲ್ಲ.
2. ಅಪ್‌ಗ್ರೇಡ್: ಈಗಾಗಲೇ ಇರುವ ಪ್ಯಾಕೇಜುಗಳನ್ನು ಹೊಸ ಆವೃತ್ತಿಗೆ ಏರಿಸುತ್ತದೆ.
3. ಇನ್‌ಸ್ಟಾಲ್: ಹೆಸರಿಸಿದ ಪ್ಯಾಕೇಜನ್ನೂ ಅದರ ಅವಲಂಬನೆಗಳನ್ನೂ ಸೇರಿಸುತ್ತದೆ.
4. ರಿಮೂವ್: ಪ್ಯಾಕೇಜನ್ನು ತೆಗೆಯುತ್ತದೆ, ಆದರೆ ವ್ಯವಸ್ಥೆಯ ಮಟ್ಟದ ಸಂರಚನಾ ಕಡತಗಳನ್ನು ಉಳಿಸುತ್ತದೆ.
5. ಪರ್ಜ್: ಆ ಸಂರಚನಾ ಕಡತಗಳನ್ನೂ ಅಳಿಸುತ್ತದೆ.

ಬದಲಾವಣೆಗೆ ಮುನ್ನ ಎಪಿಟಿಯು ಸೇರುವ ಮತ್ತು ಹೋಗುವ ಪ್ಯಾಕೇಜುಗಳ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಈ ಪಟ್ಟಿಯನ್ನು ಓದದೆ ಒಪ್ಪುವುದು ಅಪಾಯಕಾರಿ. 2021ರಲ್ಲಿ ಪಾಪ್ ಓಎಸ್ ವಿತರಣೆಯಲ್ಲಿದ್ದ ಒಂದು ಅವಲಂಬನಾ ದೋಷದಿಂದಾಗಿ, ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಸೇರಿಸಲು ಹೊರಟಾಗ ಡೆಸ್ಕ್‌ಟಾಪ್ ಪರಿಸರವನ್ನೇ ತೆಗೆದುಹಾಕಲು ಎಪಿಟಿ ಅನುಮತಿ ಕೇಳಿತು. ಎಚ್ಚರಿಕೆಯನ್ನು ಮೀರಿ ಒಪ್ಪಿದ ಬಳಕೆದಾರರ ಚಿತ್ರಾತ್ಮಕ ಪರದೆ ಇಲ್ಲವಾಯಿತು. ಆ ಬಳಿಕ ಅತ್ಯಗತ್ಯ ಪ್ಯಾಕೇಜುಗಳನ್ನು ಸುಲಭವಾಗಿ ತೆಗೆಯಲಾಗದಂತೆ ಎಪಿಟಿಯನ್ನು ಬಿಗಿಗೊಳಿಸಲಾಯಿತು.

ಇತರ ವಿಧಾನಗಳು

ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮತ್ತು ಆಪ್‌ಇಮೇಜ್ ವಿಧಾನಗಳಲ್ಲಿ ತಂತ್ರಾಂಶವು ತನಗೆ ಬೇಕಾದ ಲೈಬ್ರರಿಗಳ ಬಹುಭಾಗವನ್ನು ವಿತರಣೆಯಿಂದ ಪಡೆಯದೆ ಬೇರೆಯಾಗಿಯೇ ಹೊಂದಿರುತ್ತದೆ. ಒಂದೇ ಕಟ್ಟು ಹಲವು ವಿತರಣೆಗಳಲ್ಲಿ ನಡೆಯುವುದು ಇವುಗಳ ಅನುಕೂಲ. ಡಿಸ್ಕಿನಲ್ಲಿ ಹೆಚ್ಚು ಸ್ಥಳ ಹಿಡಿಯುವುದು ಅನನುಕೂಲ.

ಅಗತ್ಯಕ್ಕೆ ತಕ್ಕ ಮಾರ್ಪಾಡು

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಪರಿಸರವೂ ಒಂದು ಪ್ಯಾಕೇಜ್ ಸಮೂಹವೇ. ಗ್ನೋಮ್, ಕೆಡಿಇ ಪ್ಲಾಸ್ಮಾ ಮುಂತಾದವುಗಳಲ್ಲಿ ಬೇಕಾದುದನ್ನು ಆಯ್ದುಕೊಳ್ಳಬಹುದು; ಎಕ್ಸ್‌ಎಫ್‌ಸಿಇಯು ಹಳೆಯ ಗಣಕಯಂತ್ರಗಳಿಗೂ ಹೊಂದುವಷ್ಟು ಹಗುರ. ಬಳಕೆದಾರರ ಆಯ್ಕೆಗಳು ಸಾಮಾನ್ಯವಾಗಿ ಅವರ ಹೋಮ್ ಕಡತಕೋಶದಲ್ಲಿ, ಚುಕ್ಕಿಯಿಂದ ಆರಂಭವಾಗುವ ಹೆಸರಿನ ಅಡಗಿದ ಕಡತಗಳಲ್ಲಿ ಅಥವಾ ಕೋಶಗಳಲ್ಲಿ ಉಳಿಯುತ್ತವೆ. ಇವುಗಳ ಪ್ರತಿ ಇರಿಸಿಕೊಂಡರೆ ಮರು ಅನುಸ್ಥಾಪನೆಯ ನಂತರ ಹಿಂದಿನ ಆಯ್ಕೆಗಳನ್ನು ಮರಳಿ ಪಡೆಯಬಹುದು.

ಕನ್ನಡದ ಅಳವಡಿಕೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಅಕ್ಷರಶೈಲಿಗಳು ಡೆಬಿಯನ್ ಭಂಡಾರದಲ್ಲಿ ಲಭ್ಯವಿವೆ. ಐಬಸ್ ಮತ್ತು ಎಂ17ಎನ್ ಪ್ಯಾಕೇಜುಗಳನ್ನು ಸೇರಿಸಿದರೆ ಕ.ಗ.ಪ. ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯಬಹುದು.

ಸುರಕ್ಷತೆ

ಭಂಡಾರದ ಪಟ್ಟಿಗೆ ವಿತರಣೆಯ ಡಿಜಿಟಲ್ ಸಹಿ ಇರುತ್ತದೆ. ತಂದ ಪ್ಯಾಕೇಜ್ ಪಟ್ಟಿಯಲ್ಲಿರುವ ಗುರುತಿಗೆ ಹೊಂದುವುದೇ ಎಂದು ಎಪಿಟಿ ಪರಿಶೀಲಿಸುತ್ತದೆ. ಹೊರಗಿನ ಭಂಡಾರವನ್ನು ಸೇರಿಸಿಕೊಂಡರೆ ಅದರ ನಿರ್ವಾಹಕರಿಗೆ ಗಣಕಯಂತ್ರದ ಮೇಲೆ ಪೂರ್ಣ ಹಿಡಿತ ಕೊಟ್ಟಂತಾಗುತ್ತದೆ. ಸಹಿಯು ಪ್ಯಾಕೇಜ್ ಎಲ್ಲಿಂದ ಬಂದಿತೆಂಬುದನ್ನು ಖಚಿತಪಡಿಸುತ್ತದೆಯೇ ಹೊರತು ಅದು ನಿರಪಾಯಕಾರಿ ಎಂಬುದನ್ನಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಉದ್ದೇಶಪೂರ್ವಕವಾಗಿ ಹುದುಗಿಸಿದ ಹಿಂಬಾಗಿಲು ಪತ್ತೆಯಾಯಿತು. ದೂರದಿಂದ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಬೆನ್ನಟ್ಟಿ ಬಯಲಿಗೆಳೆದರು. ಆ ವೇಳೆಗೆ ಅದು ಡೆಬಿಯನ್‌ನ ಪರೀಕ್ಷಾರ್ಥ ಭಂಡಾರಗಳನ್ನು ತಲುಪಿತ್ತು. ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ.